ತೆರೆಯ ಮೇಲೆ ತೀರಿಕೊಂಡ ಅಳಿಯ

ಹೊಳೆನರಸೀಪುರದ ಷಡಕ್ಷರಿಯ ಎಡಗಾಲು ಕುಂಟಾದುದರ ಬಗ್ಗೆ ಎರಡು ವೃತ್ತಾಂತಗಳಿದ್ದವು. ಬರ್ಮಾದ ಕಾಡಿನಲ್ಲಿ ಜಪಾನಿಯವನೊಬ್ಬ ಹಾರಿಸಿದ ಗುಂಡು ಮೊಣಕಾಲನ್ನು ಸವರಿಕೊಂಡು ಹೋಯಿತೆಂಬುದು ಊರಿಗೆಲ್ಲ ಗೊತ್ತಿದ್ದ ವೃತ್ತಾಂತ. ಇನ್ನೊಂದು ಷಡಕ್ಷರಿಗೂ ಒಂದು ಹೇಸರಗತ್ತೆಗೂ ಮಾತ್ರ ಗೊತ್ತಿತ್ತು.

ಅವನು ಸೈನ್ಯ ಸೇರಿದ್ದೇನೋ ನಿಜ. ಬೆಂಗಳೂರು ದಂಡಿನ ಒಂದು ಉಗ್ರಾಣದ ಬಾಗಿಲಲ್ಲಿ ಎರಡು ವರ್ಷ ನಾಲ್ಕು ತಿಂಗಳು ಅವನು ಸರ್ಕಾರದ ಸೇವೆ ಮಾಡಿದ. ಬರ್ಮಾಕ್ಕೆ ಹೋಗುವ ಹೇಸರಗತ್ತೆಗಳಿಗೆ ಮೈಸೂರು ಸೀಮೆಯಿಂದ ಹುರುಳಿ ಬರುತ್ತಿತ್ತು. ಪ್ರತಿ ಮೂಟೆಗೂ ಕೈಯಿಟ್ಟು, ಒಂದು ಹಿಡಿ ತೆಗೆದು, ಮೂಸಿ, ಕಚ್ಚಿ ನೋಡಿ, ಚೆನ್ನಾಗಿದ್ದರೆ ಒಳಕ್ಕೆ ಬಿಡುವುದು, ಇಲ್ಲದಿದ್ದರೆ ‘ವಾಪಸ್’ ಎನ್ನುವುದು ಅವನ ಕೆಲಸ. ಮೂಟೆ ತಂದವರ ಮುಖವನ್ನು ಅವನು ನೋಡುತ್ತಿರಲಿಲ್ಲ. ಮುಖ ನೋಡಿದರೆ ದಾಕ್ಷಿಣ್ಯ ಹುಟ್ಟುತ್ತದೆ ಎಂದು ಮೇಲಿನವರು ಎಚ್ಚರಿಸಿದ್ದರು. ಒಂದು ದಿನ ಹುರುಳಿ ತಿನ್ನುತ್ತಿದ್ದ ಹೇಸರಗತ್ತೆಯೊಂದರ ಹಿಂದೆ ಅವನು ಅನವಶ್ಯಕವಾಗಿ ಹಾದುಹೋದ. ಅಲ್ಲಿಗೆ ಅವನ ಸೈನಿಕ ಜೀವನ ಮುಗಿಯಿತು.

ಬೇಸಗೆಯ ಮಧ್ಯಾಹ್ನ, ದಪ್ಪನೆಯ ಖಾಕಿ ಕೋಟು ತೊಟ್ಟುಕೊಂಡು, ಕುಂಟುತ್ತ ರೈಲಿನಿಂದ ಇಳಿದವನನ್ನು ನೋಡಿ ಸ್ಟೇಷನ್ನಿನಲ್ಲಿದ್ದವರೆಲ್ಲ ದಾರಿ ಬಿಟ್ಟರು. ಕಾಲಿಗೆ ಏನಾಯಿತು ಎಂದು ಯಾರೋ ಕೇಳಿದರು. ಷಡಕ್ಷರಿ ನಿಜ ಹೇಳಬೇಕೆಂದೇ ಬಾಯಿ ತೆರೆದ. ಅಷ್ಟರಲ್ಲಿ ಇನ್ಯಾರೋ ಎಳನೀರು ಕೆತ್ತಿ ಕೈಗೆ ಕೊಟ್ಟರು. ಎಳನೀರು ಕುಡಿದ ಮೇಲೆ ಹೇಸರಗತ್ತೆಯ ಹೆಸರು ಹೇಳುವುದು ಕೊಟ್ಟವರಿಗೆ ಅವಮಾನ ಮಾಡಿದಂತೆ ಎಂದು ತೋರಿ ಸುಮ್ಮನಾದ.

ಅವನು ಸುಮ್ಮನಿದ್ದರೂ ಅವನ ಸೋದರತ್ತೆ ದೊಡ್ಡತಾಯಮ್ಮ ಸುಮ್ಮನಿರಲಿಲ್ಲ. ತಂದೆತಾಯಿ ಇಲ್ಲದ ಹುಡುಗನನ್ನು ಸಾಕಿ ಬೆಳೆಸಿದವಳು ಆಕೆ. ಅವನ ಪರವಾಗಿ ಮಾತಾಡುವುದು ತನ್ನ ಧರ್ಮವೆಂದು ತಿಳಿದಿದ್ದಳು. “ಅವುನ್ ಬಾಯಿಂದ ಒಂದ್ ಮಾತ್ ಬರಾಕಿಲ್ಲ ಕಣವ್ವ, ಅದುಕ್ಕೆ ನಾನೇ ಯೋಳ್ಬೇಕಾಯ್ತದೆ,” ಎಂದು ಶುರು ಮಾಡುವಳು. ಮೊದಲನೆಯ ತಿಂಗಳು ಷಡಕ್ಷರಿ ಒಬ್ಬ ಜಪಾನಿಯವನನ್ನು ಕೊಂದಿದ್ದ. ದೀಪಾವಳಿಯ ಹೊತ್ತಿಗೆ ಏಳು ಜನ ಆದರು. ಸಂಕ್ರಾಂತಿಗೆ ಎಳ್ಳು ಬೀರಲು ಹೋದ ಮನೆಗಳಲ್ಲಿ ಜಪಾನಿಯರ ಒಂದು ಟ್ಯಾಂಕೂ ಸೇರಿತು.

ಹೀಗಿರುವಾಗ ಅರಕಲಗೂಡಿನ ದವಸದ ಮಂಡಿಯ ಚಂದ್ರಯ್ಯನವರು ತಾವಾಗಿಯೇ ಗಾಡಿ ಕಟ್ಟಿಸಿಕೊಂಡು ಬಂದು, ತಮ್ಮ ಮಗಳು ಪ್ರೇಮಕುಮಾರಿಯನ್ನು ಕೊಡುತ್ತೇವೆ ಎಂದಾಗ ಬೀದಿಯವರಿಗೆ ಆಶ್ಚರ್ಯವಾಗಲಿಲ್ಲ. ಟ್ಯಾಂಕು ಒಡೆದವನಿಗೆ ಯಾರು ತಾನೇ ಹೆಣ್ಣು ಕೊಡುವುದಿಲ್ಲ? ಚಂದ್ರಯ್ಯನವರು ಯುದ್ಧದ ವಿಷಯ ಎತ್ತಲಿಲ್ಲ. ಮೂಲೆಯಲ್ಲಿದ್ದ ಕುಕ್ಕೆಯಿಂದ ಒಂದು ಹಿಡಿ ಹುರುಳಿ ತೆಗೆದು ಹುಡುಗನ ಕೈಗೆ ಹಾಕಿ, ಹೇಗಿದೆ ಎಂದು ಕೇಳಿದರು. ಷಡಕ್ಷರಿ ಅಂಗೈಯಲ್ಲಿ ಹರಡಿ ನೋಡಿದ. ಅರ್ಧ ಹಳೆಯದು, ಹೊಳೆದಂಡೆಯ ಮರಳು ಬೆರೆತಿದೆ, ಒಂದು ಸಲ ನೆನೆದು ಒಣಗಿದ್ದು ಎಂದ. ಚಂದ್ರಯ್ಯನವರು ತಲೆಯಾಡಿಸಿ, ಆವತ್ತೇ ವೀಳ್ಯ ಬದಲಾಯಿಸಿ ಹೋದರು. ವೈಶಾಖದಲ್ಲಿ ಲಗ್ನವೆಂದು ನಿಶ್ಚಯವಾಯಿತು.

ಷಡಕ್ಷರಿ ಪ್ರೇಮಕುಮಾರಿಯನ್ನು ನೋಡಿದ್ದು ಒಂದೇ ಸಲ, ಅರಕಲಗೂಡಿನ ಅವರ ಮನೆಯಲ್ಲಿ. ಆಕೆ ಪಾನಕದ ಲೋಟ ಕೊಡುವಾಗ ಅವನ ಕಾಲನ್ನು ನೋಡಿ, ನೋಯುತ್ತದೆಯೇ ಎಂದು ಮೆಲ್ಲನೆ ಕೇಳಿದ್ದಳು. ಆ ಕಾಲನ್ನು ಕುರಿತು ಇಡೀ ತಾಲ್ಲೂಕಿನಲ್ಲಿ ಯಾರೂ ಕೇಳದೆ ಇದ್ದ ಪ್ರಶ್ನೆ ಅದೊಂದೇ. ಅಂದಿನಿಂದ ಅವನಿಗೆ ರಾತ್ರಿ ನಿದ್ದೆ ಬರುತ್ತಿತ್ತು, ಆದರೆ ಊಟ ಸೇರುತ್ತಿರಲಿಲ್ಲ. ಬರ್ಮಾದ ಗುಟ್ಟು ರಟ್ಟಾದರೆ ಈ ಹುಡುಗಿ ಕೈತಪ್ಪುತ್ತಾಳೆ ಎಂಬುದು ಅವನಿಗೆ ಖಚಿತವಾಗಿತ್ತು. ವೈಶಾಖದವರೆಗೆ ಬಾಯಿ ಬಿಡದಿದ್ದರೆ ಸಾಕು ಎಂದು ದಿನ ಎಣಿಸುತ್ತಿದ್ದ.

ಯುಗಾದಿ ಕಳೆದು ಎರಡು ವಾರಕ್ಕೆ ಸರ್ಕಾರದವರು ಅರಕಲಗೂಡಿಗೆ ಒಂದು ಯುದ್ಧದ ಫಿಲಂ ಕಳಿಸಿದರು. ಜಿನರಾಜಯ್ಯ ಎಂಬ ಚನ್ನರಾಯಪಟ್ಟಣದವರ ಸಿನಿಮಾ ಟೆಂಟು ಆಗ ಅರಕಲಗೂಡಿನ ಕೆರೆಯ ಹಿಂದಿನ ಬಯಲಿನಲ್ಲಿತ್ತು. ಫಿಲಂ ಇಂಗ್ಲಿಷಿನದು. ಪರದೆಯ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಕಥೆ ಹೇಳಬೇಕಾಗಿದ್ದ ಸರ್ಕಾರಿ ಮನುಷ್ಯ ಸಕಲೇಶಪುರದಲ್ಲಿ ಚಳಿಜ್ವರ ಹಿಡಿದು ಮಲಗಿದ್ದ. ಅಮಲ್ದಾರರಿಗೆ ಪೇಚಿಗಿಟ್ಟುಕೊಂಡಿತು. ಚಂದ್ರಯ್ಯನವರ ಮನೆಯ ಎದುರಿನ ಹೊಗೆಸೊಪ್ಪಿನ ಲಕ್ಕಯ್ಯ, ಬೇರೆ ಯಾರೂ ಕೇಳದಿದ್ದರೂ ಕಚೇರಿಗೆ ಹೋಗಿ, ಬರ್ಮಾದಲ್ಲಿ ಖುದ್ದಾಗಿ ಹೋರಾಡಿದವರು ನಮ್ಮೂರಿನ ಅಳಿಯಂದಿರಾಗುವವರೇ ಇದ್ದಾರೆ ಸ್ವಾಮಿ, ಅವರಿರುವಾಗ ಜ್ವರದವನು ಯಾಕೆ ಎಂದು ಅರಿಕೆ ಮಾಡಿದ.

ಮಾರನೆಯ ದಿನವೇ ಹೊಳೆನರಸೀಪುರಕ್ಕೆ ಜವಾನ ಬಂದ. ಸರ್ಕಾರದ ಕಾಗದವನ್ನು ಒಲ್ಲೆ ಎನ್ನುವ ಧೈರ್ಯ ಷಡಕ್ಷರಿಗಿರಲಿಲ್ಲ. ದೊಡ್ಡತಾಯಮ್ಮ ಅವನ ತಲೆಗೆ ಬಿಳಿಯ ರುಮಾಲು ಸುತ್ತಿ, ತಾನೂ ಜೊತೆಗೆ ಹೊರಟಳು. ಪೆಟ್ರೋಲು ಸಿಕ್ಕದ ಕಾಲ. ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಲಿನಿಂದ ಓಡುವ ಬಸ್ಸು. ಅರಕಲಗೂಡಿನಲ್ಲಿ ಇಳಿಯುವ ಹೊತ್ತಿಗೆ ರುಮಾಲಿನ ಮೇಲೆ ಹಸ್ತದಗಲ ಮಸಿ ಕೂತಿತ್ತು.

ಅಷ್ಟರಲ್ಲಿ ಊರಿನಲ್ಲಿ ತಮಟೆ ಸಾರಿ ಆಗಿತ್ತು. ಕಥೆ ಹೇಳುವವರು ಷಡಕ್ಷರಿ ಎಂದು ಸಾರಬೇಕೆಂದು ಅಮಲ್ದಾರರ ಅಪ್ಪಣೆ. ಲಕ್ಕಯ್ಯ ಸಾರುವವನ ಜೊತೆಯಲ್ಲಿ ನಾಲ್ಕು ಬೀದಿ ನಡೆದ ಕಾರಣ, ಪೇಟೆಯಲ್ಲಿ ಕಥೆ ಹೇಳುವವರಾಗಿದ್ದ ಷಡಕ್ಷರಿ ಕೋಟೆಯಲ್ಲಿ ಫಿಲಮಿನೊಳಗೇ ಇರುವವರಾದರು. ಅತ್ತೆಯಾಗುವ ನೀಲಾಂಬಿಕೆಯವರು ಇದನ್ನು ಕೇಳಿ ಬಾಗೂರಿನ ತವರಿಗೆ ಆಳು ಕಳಿಸಿದರು. ಎರಡು ಗಾಡಿ ನೆಂಟರು, ಬುತ್ತಿ ಕಟ್ಟಿಕೊಂಡು, ಅಳಿಯನನ್ನು ತೆರೆಯ ಮೇಲೆ ನೋಡಲು ಬಂದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಟೆಂಟು ತುಂಬಿತು. ಮುಂದುಗಡೆ ಕುರ್ಚಿಯಲ್ಲಿ ಅಮಲ್ದಾರರು, ಬೆಂಚಿನಲ್ಲಿ ಚಂದ್ರಯ್ಯನವರೂ ಲಕ್ಕಯ್ಯನೂ, ಅಡ್ಡಬಟ್ಟೆಯ ಆಚೆ ನೀಲಾಂಬಿಕೆ, ಪ್ರೇಮಕುಮಾರಿ, ದೊಡ್ಡತಾಯಮ್ಮ, ಇಡೀ ಬಾಗೂರು. ಷಡಕ್ಷರಿಯ ಕೈಗೆ ಒಂದು ಬಿದಿರು ಕೋಲು ಕೊಟ್ಟು ಪರದೆಯ ಪಕ್ಕದಲ್ಲಿ ನಿಲ್ಲಿಸಿದರು. ಅವನಿಗೆ ಬರುತ್ತಿದ್ದ ಇಂಗ್ಲಿಷು ಮೂರು ಮಾತು: ತುಂಬಿದೆ, ಖಾಲಿ, ಮುಂದಿನವರು. ಅವುಗಳಿಂದ ಒಂದು ಮಹಾಯುದ್ಧವನ್ನು ದಾಟಬೇಕಾಗಿತ್ತು.

ತೆರೆಯ ಮೇಲೆ ಕಾಡು ಮೂಡಿತು. ಬಿದಿರು ಮೆಳೆಗಳ ನಡುವೆ ಒಂದು ಗುಡ್ಡ, ಗುಡ್ಡದ ಮೇಲೆ ಇಪ್ಪತ್ತು ಇಪ್ಪತ್ತೆರಡು ಮಂದಿ ಹುಡುಗರು. ಒಬ್ಬೊಬ್ಬನಿಗೂ ಮೀಸೆ ಈಗ ತಾನೇ ಚಿಗುರುತ್ತಿತ್ತು. ಅವರ ಬಿಳಿಯ ದೊರೆ ಮೊಣಕಾಲೂರಿ ನಕ್ಷೆ ಬಿಡಿಸಿ ಏನೋ ಹೇಳಿದ. ಟೆಂಟು ಷಡಕ್ಷರಿಯ ಕಡೆ ತಿರುಗಿತು. ದೊರೆಯ ಮಾತಿನಲ್ಲಿ ಆ ಮೂರರಲ್ಲಿ ಒಂದೂ ಇರಲಿಲ್ಲ. ಆಗ ತೆರೆಯ ಮೂಲೆಯಲ್ಲಿ ಬಿದಿರಿಗೆ ಕಟ್ಟಿದ್ದ ಒಂದು ಹೇಸರಗತ್ತೆ ಕಂಡಿತು. ನೀರಿನಲ್ಲಿ ಮುಳುಗುವವನಿಗೆ ಬೇರು ಸಿಕ್ಕಂತಾಯಿತು. ಹೇಸರಗತ್ತೆಗೆ ಹುರುಳಿ ಆಯಿತೇ ಎಂದು ದೊರೆ ಕೇಳುತ್ತಿದ್ದಾನೆ ಎಂದು ಷಡಕ್ಷರಿ ಹೇಳಿದ.

ಅಲ್ಲಿಂದ ಅವನಿಗೆ ತಡೆಯಿರಲಿಲ್ಲ. ಹೇಸರಗತ್ತೆ ದಿನಕ್ಕೆ ಎಷ್ಟು ತಿನ್ನುತ್ತದೆ, ಯಾವ ಹುರುಳಿ ತಿಂದರೆ ಹೊಟ್ಟೆನೋವು ಬರುತ್ತದೆ, ಕಾಡಿನ ಏರಿನಲ್ಲಿ ಕುದುರೆ ಯಾಕೆ ಸೋಲುತ್ತದೆ, ಎಲ್ಲವನ್ನೂ ಹೇಳಿದ. ತೆರೆಯ ಮೇಲೆ ಪೊದೆಗಳು ಅಲುಗಾಡಿ, ನಾಲ್ಕೂ ಕಡೆಯಿಂದ ಶತ್ರುಗಳು ನೂರಾರು ಸಂಖ್ಯೆಯಲ್ಲಿ ತೆವಳಿಕೊಂಡು ಬರುತ್ತಿದ್ದರು. ಹುಡುಗರು ಇಷ್ಟೇ ಜನ ಯಾಕೆ ಎಂದು ನೆಲದ ಮೇಲೆ ಕೂತ ರೈತರು ಕೂಗಿ ಕೇಳಿದರು. ಉಳಿದವರು ಹುರುಳಿ ತರಲು ಹೋಗಿದ್ದಾರೆ ಎಂದ. ರೈತರಿಗೆ ಇದು ಬಹಳ ಸರಿಯಾಗಿ ಕಂಡಿತು. ಎರಡನೆಯ ರೀಲಿನಲ್ಲಿ ಹೇಸರಗತ್ತೆ ಮಾಯವಾದಾಗ ಜನ ಗಲಾಟೆಗೇ ಇಳಿದರು. ಅದನ್ನು ಹಿಂದಿನ ಹಳ್ಳಿಯಲ್ಲಿ ಮೇಯಲು ಬಿಟ್ಟಿದ್ದಾರೆ ಎಂದು ಷಡಕ್ಷರಿ ಪ್ರಮಾಣ ಮಾಡಿದ ಮೇಲೆ ಯುದ್ಧ ಮುಂದುವರಿಯಿತು.

ಆದರೆ ಬಾಗೂರಿನವರು ಬಂದದ್ದು ಹೇಸರಗತ್ತೆಯನ್ನು ನೋಡಲು ಅಲ್ಲ. ಅಡ್ಡಬಟ್ಟೆಯ ಆಚೆ ಗುಸುಗುಸು ಹೆಚ್ಚಿತು. ಅತ್ತೆಯಾಗುವವರು ಅಳಿಯನನ್ನು ನೇರವಾಗಿ ಕೇಳಬಾರದೆಂದು ನೀಲಾಂಬಿಕೆ ಬೆಂಚಿನ ಕಡೆಗೆ ಸೂಚನೆ ಕೊಟ್ಟರು. ಲಕ್ಕಯ್ಯ ಎದ್ದು ನಿಂತ.

“ಇದ್ರಾಗೆ ನೀವ್ಯಾರು, ಅದ್ನ ಮೊದ್ಲು ತೋರ್ಸಿ ಬುದ್ಧಿ. ಅಮ್ಮಾರು ಬಾಗೂರಿಂದ ಜನ ಕರ್ಸವ್ರೆ.”

ಷಡಕ್ಷರಿ ತೆರೆಯನ್ನು ನೋಡಿದ. ಕಂದಕದ ಅಂಚಿನಲ್ಲಿ ಒಬ್ಬ ಹುಡುಗ ಮದ್ದಿನ ಪೆಟ್ಟಿಗೆಗಳನ್ನು ಸಾಗಿಸುತ್ತಿದ್ದ. ಮೊದಲಿನಿಂದಲೂ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನಿಗೆ ಗುರುತಿಲ್ಲ ಎಂದು ಷಡಕ್ಷರಿ ಲೆಕ್ಕ ಹಾಕಿ, ಕೋಲನ್ನು ಆ ಬೆನ್ನಿನ ಮೇಲೆ ಇಟ್ಟ. ಟೆಂಟಿನಲ್ಲಿ ಚಪ್ಪಾಳೆ ಬಿದ್ದಿತು. ಬಾಗೂರಿನವರು ಬುತ್ತಿ ಬಿಚ್ಚಿದರು. ಬೆನ್ನಿನಲ್ಲೇ ಚೆನ್ನಯ್ಯಜ್ಜನ ಕಳೆ ಇದೆ ಎಂದು ದೊಡ್ಡತಾಯಮ್ಮ ತನ್ನ ತಂದೆಯನ್ನು ನೆನೆದಳು.

ಈ ಸಂತೋಷ ಮೂರು ನಿಮಿಷ ಇತ್ತು. ಬೆನ್ನಿನ ಹುಡುಗ ಇನ್ನೊಂದು ಪೆಟ್ಟಿಗೆ ಎತ್ತಿಕೊಂಡು ಕಂದಕದಿಂದ ಮೇಲೆದ್ದ. ಎಲ್ಲಿಂದಲೋ ಗುಂಡು ಬಂದಿತು. ಅವನು ಪೆಟ್ಟಿಗೆಯನ್ನು ಬಿಡದೆ, ನಾಲ್ಕು ಹೆಜ್ಜೆ ನಡೆದು ಅದನ್ನು ಗೆಳೆಯರ ಬಳಿ ಇಳಿಸಿ, ಮುಖ ಕೆಳಗಾಗಿ ಬಿದ್ದ. ದೊರೆ ಬಂದು ಅವನ ಮೇಲೆ ಕಂಬಳಿ ಹೊದಿಸಿದ. ಉಳಿದವರು ಟೋಪಿ ತೆಗೆದರು.

ಷಡಕ್ಷರಿಯ ಕೋಲು ಇನ್ನೂ ಕಂಬಳಿಯ ಮೇಲೇ ಇತ್ತು. ಆಮೇಲೆ ನೀಲಾಂಬಿಕೆಯವರು ಎದೆ ಬಡಿದುಕೊಂಡು ಅಳಲು ಶುರು ಮಾಡಿದರು. ಅಳಿಯ ಪರದೆಯ ಪಕ್ಕದಲ್ಲಿ ರುಮಾಲು ಸುತ್ತಿಕೊಂಡು ನಿಂತಿದ್ದಾನೆ ಎಂಬುದು ಆ ಕ್ಷಣದಲ್ಲಿ ಯಾರಿಗೂ ಮುಖ್ಯವಾಗಿ ಕಾಣಲಿಲ್ಲ. ಬಾಗೂರಿನ ಚಿಕ್ಕಮ್ಮಂದಿರು ಬುತ್ತಿ ಬದಿಗಿಟ್ಟು ಸೇರಿಕೊಂಡರು. ನೆಲದವರೂ ಅತ್ತರು. ಜಿನರಾಜಯ್ಯ ಹೆದರಿ ಯಂತ್ರ ನಿಲ್ಲಿಸಿ ಗ್ಯಾಸ್‌ಲೈಟು ಹಚ್ಚಿಸಿದರು.

ಬೆಳಕಿನಲ್ಲಿ ತಕರಾರುಗಳು ಒಂದೊಂದಾಗಿ ಎದ್ದವು. ಇಷ್ಟು ಜನದ ಕಣ್ಣ ಮುಂದೆ ಸತ್ತವನಿಗೆ ವೈಶಾಖದಲ್ಲಿ ಬಾಸಿಂಗ ಕಟ್ಟುವುದು ಹೇಗೆ ಎಂದು ಬಾಗೂರಿನ ಹಿರಿಯರೊಬ್ಬರು ಕೇಳಿದರು. ಸತ್ತಿದ್ದರೆ ಇಲ್ಲಿ ನಿಂತಿರುವವರು ಯಾರು ಎಂದು ಇನ್ನೊಬ್ಬರು ಕೇಳಿದರು. ಅಮಲ್ದಾರರು ಕುರ್ಚಿಯಿಂದೆದ್ದು, ಸರ್ಕಾರದ ಪ್ರದರ್ಶನದಲ್ಲಿ ಹೀಗೆಲ್ಲ ಅಳಲು ಅವಕಾಶವಿಲ್ಲ, ವಿವರಣೆಕಾರರು ತಾವು ಇದ್ದಾರೋ ಇಲ್ಲವೋ ಎಂಬುದನ್ನು ಮೊದಲು ಸ್ಪಷ್ಟಪಡಿಸಬೇಕು ಎಂದರು. ಷಡಕ್ಷರಿಗೆ ಅಡ್ಡಬಟ್ಟೆಯ ಸಂದಿಯಲ್ಲಿ ಪ್ರೇಮಕುಮಾರಿಯ ಮುಖ ಕಂಡಿತು. ಆಕೆ ಅಳುತ್ತಿರಲಿಲ್ಲ; ಅವನ ಕಾಲನ್ನೇ ನೋಡುತ್ತಿದ್ದಳು. ಎಲ್ಲ ಮುಗಿಯಿತು ಎಂದುಕೊಂಡು ಅವನು ನಿಜ ಹೇಳಲು ಎರಡನೆಯ ಸಲ ಬಾಯಿ ತೆರೆದ.

ಈ ಸಲ ತಡೆದದ್ದು ದೊಡ್ಡತಾಯಮ್ಮ. ಆಕೆ ಅಡ್ಡಬಟ್ಟೆಯನ್ನು ಸರಿಸಿಕೊಂಡು ಬಂದು ಅವನ ಪಕ್ಕದಲ್ಲಿ ನಿಂತಳು.

“ಯಾಕ್ರವ್ವಾ ಗಾಬರಿ ಆಗ್ತೀರಿ. ಬೆಳಿಗ್ಗೆ ಅವುನ್ ತಲೆ ಕಾಗೆ ಮುಟ್ಬುಡ್ತು ಕಣ್ರವ್ವಾ. ನೋಡಿ, ರುಮಾಲ್ ಮ್ಯಾಲೆ ಇನ್ನೂ ಕರೀಗೈತೆ.”

ಕಾಗೆ ತಲೆ ಮುಟ್ಟಿದರೆ ಏನು ಮಾಡಬೇಕೆಂಬುದು ಆ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಮುಟ್ಟಿಸಿಕೊಂಡವನು ತೀರಿಹೋದನೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವೆಂದೇ ನಂಬಿ ಅತ್ತರೆ ಗಂಡಾಂತರ ಆ ಕಣ್ಣೀರಿನಲ್ಲಿ ಕಳೆದುಹೋಗುತ್ತದೆ. ಆಮೇಲೆ ಇಲ್ಲ, ಬದುಕಿದ್ದಾನೆ ಎಂದು ಇನ್ನೊಂದು ಸುದ್ದಿ ಕಳಿಸಿದರಾಯಿತು. ಯುದ್ಧದ ದಿನಗಳಲ್ಲಿ ತಂತಿ ಹೊತ್ತಿಗೆ ಸರಿಯಾಗಿ ತಲುಪುವುದಿಲ್ಲ, ನೆಂಟರೆಲ್ಲ ಹೇಗೂ ಇಲ್ಲಿ ಸೇರುತ್ತಾರೆಂದು ಅವನು ಇಲ್ಲಿಯೇ ಸತ್ತು ತೋರಿಸಿದ ಎಂದು ದೊಡ್ಡತಾಯಮ್ಮ ವಿವರಿಸಿದಳು. ಆಕೆಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಟೆಂಟು ಒಂದು ಗಳಿಗೆ ಯೋಚಿಸಿತು. ಹೊಳೆನರಸೀಪುರದ ಬಸ್‌ಸ್ಟಾಂಡಿನಲ್ಲಿ ಕಾಗೆ ಮುಟ್ಟಿದ್ದನ್ನು ತಾನು ಕಣ್ಣಾರೆ ಕಂಡೆ ಎಂದು ಲಕ್ಕಯ್ಯ ಹೇಳಿದ. ಆ ದಿನ ಬೆಳಗಿನಿಂದ ಅವನು ಅರಕಲಗೂಡು ಬಿಟ್ಟು ಕದಲಿರಲಿಲ್ಲ, ಆದರೆ ಸಾಕ್ಷಿ ಸಿಕ್ಕಿದ ಸಂತೋಷದಲ್ಲಿ ಯಾರೂ ಅದನ್ನು ಎತ್ತಲಿಲ್ಲ. ಅಳು ನಿಂತು, ಯಾರು ಹೆಚ್ಚು ಅತ್ತರು ಎಂಬ ಚರ್ಚೆ ಶುರುವಾಯಿತು. ದೋಷ ಕಳೆದದ್ದು ತನ್ನ ಕಣ್ಣೀರಿನಿಂದ ಎಂದು ನೀಲಾಂಬಿಕೆ ಮೂಗು ಒರೆಸಿಕೊಂಡರು. ತಾನು ಬುತ್ತಿಯ ಚಿತ್ರಾನ್ನವನ್ನೇ ಬಿಟ್ಟು ಅತ್ತಿದ್ದೇನೆ ಎಂದು ಬಾಗೂರಿನ ಹಿರಿಯ ಚಿಕ್ಕಮ್ಮ ಹೇಳಿದರು. ಲಗ್ನದ ತಕರಾರು ಎತ್ತಿದ್ದ ಹಿರಿಯರು, ಇಂಥ ಗಟ್ಟಿಯಾದ ಶಾಂತಿ ತಾವು ಯಾವ ಮದುವೆಯಲ್ಲೂ ನೋಡಿಲ್ಲ ಎಂದರು. ಷಡಕ್ಷರಿ ಇರುವನೆಂದು ಬಹುಮತದಿಂದ ತೀರ್ಮಾನವಾದುದರಿಂದ ಅಮಲ್ದಾರರು ಯಂತ್ರ ನಡೆಸಲು ಅಪ್ಪಣೆ ಕೊಟ್ಟರು. ಮರುದಿನ ಅವರು ಹಾಸನಕ್ಕೆ ಬರೆದ ವರದಿಯಲ್ಲಿ, ವಿವರಣೆಕಾರರು ನಡುವೆ ಮೃತರಾದರೂ ಕಡೆಯವರೆಗೆ ಕರ್ತವ್ಯ ಬಿಡಲಿಲ್ಲ ಎಂಬ ಮಾತು ಇತ್ತಂತೆ.

ಕೊನೆಯ ರೀಲಿನಲ್ಲಿ ಗುಡ್ಡದ ಮೇಲೆ ಆರು ಹುಡುಗರು ಉಳಿದಿದ್ದರು. ಮದ್ದು ಮುಗಿದಿತ್ತು, ನೀರು ಮುಗಿದಿತ್ತು. ಪೊದೆಗಳ ತುಂಬ ಶತ್ರುಗಳು. ಒಬ್ಬ ಹುಡುಗ ಜೇಬಿನಿಂದ ಯಾರದೋ ಕಾಗದ ತೆಗೆದು ಓದಿ, ಮತ್ತೆ ಮಡಿಸಿಟ್ಟುಕೊಂಡ. ಆಗ ಗುಡ್ಡದ ಹಿಂದಿನ ಏರಿನಲ್ಲಿ, ಮಂಜಿನೊಳಗಿಂದ, ಎರಡು ಕಿವಿ ಕಂಡವು. ಆಮೇಲೆ ನಾಲ್ಕು. ಹೇಸರಗತ್ತೆಗಳು ಸಾಲಾಗಿ ಬರುತ್ತಿದ್ದವು, ಎರಡೂ ಮಗ್ಗುಲಿಗೆ ಪೆಟ್ಟಿಗೆಗಳು, ಪೆಟ್ಟಿಗೆಗಳ ಮೇಲೆ ಗೋಣಿಯ ಗಂಟುಗಳು. ಟೆಂಟು ಕೂಗಿದ ಕೂಗಿಗೆ ಕೆರೆಯ ಕೊಕ್ಕರೆಗಳೆಲ್ಲ ಎದ್ದವು.

ಆ ಗೋಣಿಯ ಬಾಯಿಗೆ ಹಾಕಿದ ಹೊಲಿಗೆಯನ್ನು ಷಡಕ್ಷರಿ ಬಲ್ಲ. ಎರಡು ವರ್ಷ ದಿನವೂ ಕಂಡ ಹೊಲಿಗೆ. ಉಗ್ರಾಣದ ಬಾಗಿಲಿನಿಂದಾಚೆ ಆ ಮೂಟೆಗಳು ಎಲ್ಲಿಗೆ ಹೋಗುತ್ತಿದ್ದವು ಎಂಬುದನ್ನು ಅವನು ನೋಡಿದ್ದು ಇದೇ ಮೊದಲು. ಅವನಿಗೆ ಅಳು ಬಂತು. ತಾನೆಲ್ಲಿದ್ದೇನೆ ಎಂಬುದನ್ನು ಮರೆತು, “ಅವು ತಿಂದಿರೋ ಹುಳ್ಳಿ ನಾನ್ ನೋಡಿ ಬಿಟ್ಟಿದ್ದು. ನಾನ್ ಬರ್ಮಾಕ್ ಓಗಿಲ್ಲ, ನನ್ ಹುಳ್ಳಿ ಓಗಿತ್ತು,” ಎಂದುಬಿಟ್ಟ.

ಆ ಗದ್ದಲದಲ್ಲಿ ಅದನ್ನು ಕೇಳಿಸಿಕೊಂಡವರು ಮುಂದಿನ ಬೆಂಚಿನವರು ಮಾತ್ರ. ಸತ್ತು ಬದುಕಿದವನಿಗೆ ಬುದ್ಧಿ ಸ್ವಲ್ಪ ಕದಡಿರುತ್ತದೆ ಎಂದು ಲಕ್ಕಯ್ಯ ಪಕ್ಕದವನಿಗೆ ತಿಳಿಸಿದ. ಚಂದ್ರಯ್ಯನವರು ಜನ ಕರಗಿದ ಮೇಲೆ ಅಳಿಯನನ್ನು ಟೆಂಟಿನ ಹಿಂದೆ ತಮ್ಮ ಗಾಡಿಯ ಬಳಿಗೆ ಕರೆದರು.

ಷಡಕ್ಷರಿ ಕೈಕಟ್ಟಿ ನಿಂತು ಎಲ್ಲವನ್ನೂ ಹೇಳಿದ: ಉಗ್ರಾಣ, ಹೇಸರಗತ್ತೆ, ಎಳನೀರು. ಹುಡುಗಿಗೆ ಬೇರೆ ಗಂಡು ನೋಡಿ, ಆದರೆ ತನ್ನ ಸೋದರತ್ತೆಯನ್ನು ಏನೂ ಅನ್ನಬೇಡಿ ಎಂದ. ಚಂದ್ರಯ್ಯನವರು ಎತ್ತಿನ ಹಣೆ ಕೆರೆಯುತ್ತ ಎಲ್ಲ ಕೇಳಿ ಹೇಳಿದರು.

“ಗೊತ್ತು ಕಣಪ್ಪ. ಆಚೆ ವರ್ಸದ್ ಮಾಗೀನಾಗೆ ನಾನೇ ಅಲ್ಲೀಗ್ ಬಂದಿದ್ದೆ, ಹುಳ್ಳಿ ತಕ್ಕಂಡು. ನೀನು ತಲೆ ಎತ್ತಿ ನನ್ ಮಕ ನೋಡ್ಲಿಲ್ಲ. ಅನ್ನೊಂದ್ ಮೂಟೆ ಕಲ್ಲೈತೆ ಅಂತ ವಾಪಸ್ ಕಳಿಸ್ದೆ.”

ಷಡಕ್ಷರಿಗೆ ಮುಖ ನೆನಪಾಗಲಿಲ್ಲ. ಹನ್ನೊಂದು ಮೂಟೆ ಮಾತ್ರ ನೆನಪಾದವು. ಕಲ್ಲು ಕೆಂಪಗಿದ್ದವು ಎಂದ.

“ಕೆಂಪ್ಗೇ ಇದ್ವು. ಅವತ್ತೇ ವಿಚಾರುಸ್ದೆ, ಈ ಹುಡ್ಗ ಯಾವೂರು, ಯಾರ ಮಗ ಅಂತ. ನನ್ ಮಂಡೀಗೆ ಇಂತೋನೇ ಬೇಕಾಗಿತ್ತು.” ಚಂದ್ರಯ್ಯನವರು ಸುತ್ತ ನೋಡಿ ದನಿ ತಗ್ಗಿಸಿದರು. “ಆ ಕಲ್ಲಿನ್ ಹುಳ್ಳಿ ತಿಂದಿದ್ರೆ ಆ ಹೇಸರಗತ್ತೆ ಗುಡ್ಡ ಹತ್ತೋವಾ? ಆ ಆರು ಮಕ್ಳು ಅಲ್ಲೇ ಓಗ್ಬುಡೋವು. ನೋಡು, ಆ ಅನ್ನೊಂದ್ ಮೂಟೆ ವಿಷ್ಯ ಅರಕಲಗೂಡ್ನಾಗೆ ಯಾರ್ಗೂ ಗೊತ್ತಿಲ್ಲ. ನಿನ್ ಬರ್ಮಾ ವಿಷ್ಯಾನೂ ಯಾರ್ಗೂ ಗೊತ್ತಿಲ್ಲ. ಎಲ್ಡೂ ಇಂಗೇ ಇರ್ಲಿ.”

ಗಾಡಿಯೊಳಗಿನಿಂದ ಬಳೆಯ ಸದ್ದಾಯಿತು. ಅಲ್ಲಿ ಪ್ರೇಮಕುಮಾರಿ ಕೂತಿದ್ದುದನ್ನು ಇಬ್ಬರೂ ಮರೆತಿದ್ದರು. ಒಳಗಿನಿಂದಲೇ ಆಕೆ ಕೇಳಿದಳು, “ಹೇಸರಗತ್ತೆ ಒದ್ದಿದ್ದು ಗುಂಡಿಗಿಂತ್ಲೂ ನೋಯ್ತದಾ?” ಗುಂಡಿನ ಅನುಭವ ತನಗಿಲ್ಲ, ಆದರೆ ಮಳೆಗಾಲದಲ್ಲಿ ನೋಯುತ್ತದೆ ಎಂದು ಷಡಕ್ಷರಿ ಹೇಳಿದ. ಬೇವಿನೆಣ್ಣೆ ಕಾಯಿಸಿ ಹಚ್ಚಬೇಕು ಎಂದು ಆಕೆ ಹೇಳಿದಳು. ಷಡಕ್ಷರಿಗೆ ಅಷ್ಟು ಸುಖವಾದ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ.

ವೈಶಾಖದಲ್ಲಿ ಮದುವೆ ನಡೆಯಿತು. ಬಾಗೂರಿನವರು ಕಣ್ಣೀರಿನ ಹಕ್ಕಿನಿಂದ ಮೊದಲನೆಯ ಪಂಕ್ತಿಯಲ್ಲಿ ಕೂತರು. ಎಂಟನೆಯ ದಿನ ಷಡಕ್ಷರಿ ಮಂಡಿಯ ಬಾಗಿಲಲ್ಲಿ ಚಾಪೆ ಹಾಸಿಕೊಂಡು ಕೂತ. ಚಂದ್ರಯ್ಯನವರ ಸ್ವಂತ ಹೊಲದ ಹುರುಳಿಯ ಮೂಟೆಯೊಂದನ್ನು ಆಳುಗಳು ತಂದು ಇಳಿಸಿದರು. ಅಳಿಯ ಕೈಯಿಟ್ಟು ಒಂದು ಹಿಡಿ ತೆಗೆದ. ಅಂಗೈಯಲ್ಲಿ ಕೆಂಪು ಕಲ್ಲು ಮೂರು ಇದ್ದವು. ಅವನು ಮಾವನ ಮುಖ ನೋಡಲಿಲ್ಲ. ‘ವಾಪಸ್’ ಎಂದ.

ಚಂದ್ರಯ್ಯನವರು ಕೆಮ್ಮಿದರು, ಬೀದಿಯ ಆ ಕಡೆ ಈ ಕಡೆ ನೋಡಿದರು, ಮೂಟೆಯನ್ನು ಹೊರಿಸಿ ಕೇರಿಸಲು ಕಳಿಸಿದರು. ಎದುರು ಜಗಲಿಯಲ್ಲಿ ಹೊಗೆಸೊಪ್ಪು ಸುತ್ತುತ್ತಿದ್ದ ಲಕ್ಕಯ್ಯ ಇದನ್ನೆಲ್ಲ ನೋಡಿ, ಪಕ್ಕದವನಿಗೆ ಹೆಮ್ಮೆಯಿಂದ ಹೇಳಿದ:

“ಸತ್ತು ಎದ್ದು ಬಂದೋನು ಕಣ್ಲಾ ಅವ್ನು. ಮಾವುಂಗೆ ಎದರ್ತಾನಾ?”